ಎಳೆಯರ ಕಬಡ್ಡಿ: ಹಿಡಿತವನ್ನು ಕಲಿಸುವ ಬಗೆ

ಮಳೆಗಾಲ ಕಳೆದು ಗದ್ದೆಯ ಕೊಯ್ಲು ಮುಗಿದ ಮೇಲೆ, ಬೈಂದೂರಿನಿಂದ ಕುಂದಾಪುರದ ಮೇಲೆ ಬ್ರಹ್ಮಾವರಕ್ಕೆ ಬರುವ ಹೆದ್ದಾರಿಯಲ್ಲಿ ಪಯಣಿಸುವವರಿಗೆ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ’ ಎಂಬ ಬರಹ ಕಣ್ಣಿಗೆ ಬೀಳದಿರದು. 2018ರಲ್ಲಿ ಬೈಂದೂರೂ ಬ್ರಹ್ಮಾವರವೂ ಬೇರೆ ತಾಲ್ಲೂಕುಗಳಾದುವು. ಆಟಕ್ಕೆ ಮಾತ್ರ ಈ ಗಡಿಗಳ ಗೊಡವೆಯಿಲ್ಲ. ಒಂದು ಊರಿನ ತಂಡ ಇನ್ನೊಂದು ಊರಿಗೆ ಹೋಗಿ ರಾತ್ರಿಯೆಲ್ಲ ಆಡಿ, ಬೆಳಗಾಗುವಾಗ ಮನೆ ಸೇರುತ್ತದೆ. ಆ ತಂಡದಲ್ಲಿ ಹದಿನೈದು ಹದಿನಾರು ವರ್ಷದ ಹುಡುಗನೊಬ್ಬ ಇದ್ದೇ ಇರುತ್ತಾನೆ. ಅವನು ಎಷ್ಟು ಪಂದ್ಯಗಳನ್ನು ಆಡಿದ್ದಾನೆಂಬುದನ್ನು ಎಲ್ಲರೂ ಹೇಳಬಲ್ಲರು. ಎಷ್ಟು ದಿನ ಕಲಿತಿದ್ದಾನೆಂದು ಕೇಳಿದರೆ ಉತ್ತರ ಸುಲಭವಾಗಿ ಬಾರದು.

ಇಂಗ್ಲೆಂಡಿನ ರಗ್ಬಿ ಎಂಬ ಊರಿನ ಶಾಲೆಯಿಂದ ಹೆಸರು ಪಡೆದ ಆಟವೊಂದುಂಟು. ಅಲ್ಲಿ ಚೆಂಡಿದೆ, ನಮ್ಮಲ್ಲಿ ಉಸಿರಿದೆ. ಅಷ್ಟನ್ನು ಬಿಟ್ಟರೆ ಈ ಎರಡು ಆಟಗಳೂ ದಾಯಾದಿಗಳೆಂದೇ ಹೇಳಬಹುದು. 2016ರಲ್ಲಿ ಒಲಿಂಪಿಕ್ಸನ್ನು ಸೇರಿದ ರಗ್ಬಿಯ ಕಿರಿಯ ರೂಪದಲ್ಲಿ ಒಂದೊಂದು ಪಕ್ಷಕ್ಕೆ ಏಳೇ ಮಂದಿ, ಕಬಡ್ಡಿಯಲ್ಲಿಯೂ ಅಷ್ಟೆ. ಎರಡರಲ್ಲಿಯೂ ಓಡುವವನನ್ನು ಬರಿಯ ತೋಳುಗಳಿಂದ ಹಿಡಿದು ನಿಲ್ಲಿಸಬೇಕು. ರಗ್ಬಿಯಲ್ಲಿ ಹೆಚ್ಚಿನ ಗಾಯಗಳು ಆಗುವುದು ಈ ಹಿಡಿಯುವ ಗಳಿಗೆಯಲ್ಲಿ. ಆದುದರಿಂದಲೇ ಅಲ್ಲಿಯ ಶಿಕ್ಷಕರು ಹಿಡಿತವನ್ನು ಅಕ್ಷರಾಭ್ಯಾಸದಂತೆ ಮೆಟ್ಟಿಲುಮೆಟ್ಟಿಲಾಗಿ ಕಲಿಸುತ್ತಾರೆ. ನಮ್ಮವರು ಈ ಭಾಗವನ್ನು ಅವರಿಂದ ಎರವಲು ತರಲು ನಾಚಬೇಕಾಗಿಲ್ಲ.

ಆ ಕ್ರಮವು ಹೀಗಿದೆ. ಮೊದಲು ಇಬ್ಬರೂ ಮೊಣಕಾಲೂರಿರುತ್ತಾರೆ. ಬೀಳುವ ಎತ್ತರವೇ ಇಲ್ಲದುದರಿಂದ ಭಯವೂ ಇಲ್ಲ. ಬಳಿಕ ಒಬ್ಬನು ನಡೆಯುತ್ತಾನೆ, ಮತ್ತೊಬ್ಬನು ಹಿಡಿಯುತ್ತಾನೆ. ಓಟ ಬರುವುದು ಕಡೆಗೆ. ಎಲ್ಲ ಮೆಟ್ಟಿಲುಗಳಲ್ಲಿಯೂ ಮೂರು ಸಂಗತಿಗಳನ್ನು ನೋಡಬೇಕು: ಹಿಡಿಯುವವನ ಕಾಲು ಎದುರಾಳಿಗೆ ಹತ್ತಿರವಾಗಿ ಊರಿದೆಯೇ, ಕಣ್ಣು ತೆರೆದಿದೆಯೇ, ತಲೆ ಸರಿಯಾದ ಪಕ್ಕದಲ್ಲಿದೆಯೇ. ಈ ಮೂರನೆಯದೇ ಪ್ರಾಣಾಂಶ. ತೊಡೆಯನ್ನು ಹಿಡಿಯುವವನು ತಲೆಯನ್ನು ಎದುರಾಳಿಯ ಮುಂದಕ್ಕೆ ಒಡ್ಡಿದರೆ ಮೊಣಕಾಲೋ ಸೊಂಟವೋ ಬಂದು ಬಡಿಯುವುದು ಖಂಡಿತ. ಹಿಂಬದಿಗೆ ಇಟ್ಟು ಕೆನ್ನೆಯನ್ನು ತೊಡೆಗೆ ಒತ್ತಿದರೆ ಹಿಡಿತವೂ ಬಿಗಿ, ತಲೆಯೂ ಕ್ಷೇಮ. ಪಾದವನ್ನು ಹಿಡಿಯುವವನು ಗದ್ದವನ್ನು ಎದೆಗೆ ಸೇರಿಸಿ ಕಣ್ಣು ಮುಚ್ಚಿ ಹಾರುವುದುಂಟು. ನೋಡುವವರು ಚಪ್ಪಾಳೆ ತಟ್ಟುತ್ತಾರೆ. ನಾವು ಅದನ್ನು ಧೈರ್ಯವೆನ್ನಲಾರೆವು.

ಬೀಳುವುದನ್ನು ಕಲಿಸಲು ನಮ್ಮ ಕರಾವಳಿಯಲ್ಲಿ ಬೆಲೆಯಿಲ್ಲದ ಸಾಧನವೊಂದಿದೆ. ತ್ರಾಸಿ-ಮರವಂತೆಯ ಮರಳು, ಕುಂದಾಪುರದ ಕೋಡಿಯ ಮರಳು, ಬೈಂದೂರಿನ ಸೋಮೇಶ್ವರದ ಮರಳು, ಇವುಗಳಿಗಿಂತ ಮೆತ್ತನೆಯ ಹಾಸಿಗೆ ಯಾವ ಶಾಲೆಗೆ ದೊರಕೀತು? ಆದರೆ ಮರಳಿನಲ್ಲಿ ಕಾಲು ಹೂತುಕೊಳ್ಳುವುದರಿಂದ ಥಟ್ಟನೆ ದಿಕ್ಕು ಬದಲಿಸುವ ಕಲೆ ಅಲ್ಲಿ ಕೈಗೂಡದು. ಮ್ಯಾಟಿನ ಮೇಲಾದರೋ ಶೂ ಕಚ್ಚಿ ನಿಲ್ಲುತ್ತದೆ. ಮೈ ತಿರುಗಿದರೂ ಪಾದ ತಿರುಗದು. ನಡುವೆ ಸಿಕ್ಕಿ ನಲುಗುವುದು ಮೊಣಕಾಲು. ಮಣ್ಣಿನಲ್ಲಿ ಆಡಿ ಬೆಳೆದ ಹುಡುಗನನ್ನು ಒಮ್ಮೆಗೇ ಮ್ಯಾಟಿಗೆ ಇಳಿಸುವವರು ಇದನ್ನು ನೆನೆಯಬೇಕು. ಇಂಗ್ಲೆಂಡಿನ ಶಾಲೆಗಳ ರಗ್ಬಿ ಹುಡುಗರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, ಸಮತೋಲನ, ಹಾರಿ ಇಳಿಯುವುದು, ದಿಕ್ಕು ಬದಲಿಸುವುದು, ಕುತ್ತಿಗೆಯ ಬಲ ಇವುಗಳ ಅಭ್ಯಾಸವನ್ನು ವಾರಕ್ಕೆ ಮೂರು ಸಲವಾದರೂ ಮಾಡಿದ ತಂಡಗಳಲ್ಲಿ ಪಂದ್ಯದ ಗಾಯಗಳು ನೂರಕ್ಕೆ 72ರಷ್ಟು ಕಡಮೆಯಾದುವು. ಅದಕ್ಕೆ ಬೇಕಾದುದು ಒಂದು ಸಲಕ್ಕೆ ಸುಮಾರು 20 ನಿಮಿಷ; ಉಪಕರಣವೇನೂ ಇಲ್ಲವೆಂದರೂ ಸಲ್ಲುತ್ತದೆ.

ಇನ್ನು ಚಾತುರ್ಯದ ಮಾತು. ಸಾಮಾನ್ಯವಾಗಿ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಪಾದದ ಹಿಡಿತವನ್ನು ಇಪ್ಪತ್ತು ಸಲ, ಆಮೇಲೆ ತೊಡೆಯ ಹಿಡಿತವನ್ನು ಇಪ್ಪತ್ತು ಸಲ ಮಾಡಿಸುವುದು ರೂಢಿ. ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಕೈಚಳಕದ ಕೆಲಸಗಳ ಮೇಲೆ ಪ್ರಯೋಗ ನಡೆಸಿ ಒಂದು ವಿಚಿತ್ರವನ್ನು ತೋರಿಸಿದರು: ಬೇರೆಬೇರೆ ಕೆಲಸಗಳನ್ನು ಕಲಸಿ ಅಭ್ಯಾಸ ಮಾಡಿದವರು ಅಂದು ಹಿಂದೆ ಬಿದ್ದರೂ, ದಿನಗಳು ಕಳೆದ ಮೇಲೆ ಅವರ ಕಲಿಕೆಯೇ ಹೆಚ್ಚು ಉಳಿದಿತ್ತು. ಇದು ಆಟಕ್ಕೆ ಒಪ್ಪುವ ಮಾತು. ದಾಳಿಗೆ ಬಂದವನು ಯಾವ ಕಾಲನ್ನು ಚಾಚುವನೆಂದು ಮೊದಲೇ ಹೇಳಿ ಬರುವುದಿಲ್ಲವಷ್ಟೆ! ಮೊದಲ ಕೆಲವು ದಿನ ಒಂದೊಂದು ಹಿಡಿತವನ್ನೇ ತಿದ್ದಲಿ, ಆಮೇಲೆ ಕಲಸಲಿ.

ಅದಕ್ಕೆ ಚಿಕ್ಕ ಆಟಗಳೇ ಉತ್ತಮ. ಒಬ್ಬ ದಾಳಿಗಾರ, ಮೂವರು ರಕ್ಷಕರು. 30 ಸೆಕೆಂಡಿನ ಅವಧಿ. ಮೂವರೋ ಅದಕ್ಕಿಂತ ಕಡಮೆಯೋ ಉಳಿದಾಗ ಹಿಡಿದವರಿಗೆ ಹೆಚ್ಚಿನ ಅಂಕ ದೊರೆಯುವ ನಿಯಮವಿರುವುದರಿಂದ, ಇದು ಬರಿಯ ಅಭ್ಯಾಸವಾಗದೆ ನಿಜವಾದ ಪಂದ್ಯದ ತುಣುಕೇ ಆಗುತ್ತದೆ. ಏಳು ಮಂದಿಯ ಆಟದಲ್ಲಿ ಮೂಲೆಯಲ್ಲಿ ನಿಂತ ಸಂಕೋಚದ ಹುಡುಗನಿಗೆ ಎಷ್ಟೋ ಹೊತ್ತು ಕೆಲಸವಿರದು. ಇಲ್ಲಿ ಅವನು ಅಡಗಲು ಜಾಗವಿಲ್ಲ. ಹಿಡಿತ ತಪ್ಪಿದಾಗ ಶಿಕ್ಷಕರು ಕೂಗದೆ, ‘ಅವನ ತೂಕ ಯಾವ ಕಾಲಿನ ಮೇಲಿತ್ತು?’ ಎಂದು ಕೇಳಿದರೆ ಸಾಕು.

ಜೋಡಿಯನ್ನು ತರಗತಿಯಿಂದಲ್ಲ, ಮೈಕಟ್ಟಿನಿಂದ ಆರಿಸಬೇಕು. ಒಂಬತ್ತನೆಯ ತರಗತಿಯಲ್ಲಿಯೇ ಒಬ್ಬನು ಗಂಡಸಾಗಿರುತ್ತಾನೆ, ಪಕ್ಕದವನು ಇನ್ನೂ ಮಗುವಾಗಿರುತ್ತಾನೆ. ತೂಕದ ಮಿತಿಯಿರುವ ಪಂದ್ಯಗಳಿಗಾಗಿ ಹುಡುಗರು ಊಟ ಬಿಟ್ಟು, ನೀರು ಬಿಟ್ಟು ಮೈ ಇಳಿಸಿಕೊಳ್ಳುವುದನ್ನಂತೂ ಮನೆಯವರೇ ತಡೆಯಬೇಕು. ವಂಡ್ಸೆ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯನ್ನೂ 2022ರಲ್ಲಿ ಕಂಚನ್ನೂ ಗೆದ್ದವರು. ಭಾರ ಎತ್ತುವ ವಿದ್ಯೆಯನ್ನು ಅವರು ಹಿಡಿದದ್ದು ಉಜಿರೆಯ ಕಾಲೇಜಿಗೆ ಸೇರಿದ ಮೇಲೆ. ಬಲಕ್ಕೆ ಅವಸರವಿಲ್ಲವೆಂಬುದಕ್ಕೆ ದೂರದ ಸಾಕ್ಷಿ ಬೇಕಿಲ್ಲ.

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಮಳೆ ಬಯಲನ್ನು ಬಿಟ್ಟುಕೊಡುವುದಿಲ್ಲ. ಈ ನಾಲ್ಕು ತಿಂಗಳನ್ನು ವ್ಯರ್ಥಕಾಲವೆಂದು ಎಣಿಸುವವರೇ ಹೆಚ್ಚು. ಮೊಣಕಾಲೂರಿದ ಹಿಡಿತ, ಸಮತೋಲನ, ಕುತ್ತಿಗೆಯ ಅಭ್ಯಾಸ ಇವಕ್ಕೆ ಶಾಲೆಯ ಜಗಲಿಯೇ ಸಾಲುತ್ತದೆ. ಹೆಣ್ಣುಮಕ್ಕಳ ತಂಡಗಳಿಗೂ ಇದೇ ಕ್ರಮ. ಮೊಣಕಾಲಿನ ಕಟ್ಟುಗಳು ಹರಿಯುವ ಅಪಾಯ ಅವರಿಗೆ ಹೆಚ್ಚಾದುದರಿಂದ, ಹಾರಿ ಇಳಿಯುವ ಅಭ್ಯಾಸವನ್ನು ಅವರಿಗೆ ಬಿಡಿಸಲೇಬಾರದು.

ಪಂದ್ಯದ ರಾತ್ರಿಯ ವಿಷಯವೊಂದು ಉಳಿಯಿತು. ತಲೆಗೆ ಪೆಟ್ಟು ಬಿದ್ದ ಹುಡುಗನು ಎದ್ದು ನಿಂತು ‘ಏನೂ ಆಗಿಲ್ಲ’ ಎನ್ನುತ್ತಾನೆ, ಅಂಕಗಳು ಸಮವಾಗಿರುತ್ತವೆ, ಧ್ವನಿವರ್ಧಕದಲ್ಲಿ ಅವನ ಹೆಸರನ್ನು ಕೂಗುತ್ತಿರುತ್ತಾರೆ. ರಗ್ಬಿಯವರ ಕಟ್ಟಳೆಯಂತೆ ಅವನನ್ನು ಅಂದು ಮತ್ತೆ ಆಟಕ್ಕೆ ಇಳಿಸುವಂತಿಲ್ಲ, ವೈದ್ಯರು ನೋಡಬೇಕು. ನಮ್ಮ ಪಂದ್ಯಾಟಗಳಲ್ಲಿ ಆ ಮಾತನ್ನು ಹೇಳುವ ಅಧಿಕಾರ ಯಾರದೆಂಬುದನ್ನು ಮೊದಲ ಸೀಟಿಗೆ ಮುನ್ನವೇ ಗೊತ್ತುಮಾಡಿಕೊಂಡಿರಬೇಕು.