ಮರಳಿ ಬಂದ ಪುಷ್ಪಕ

ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ಸಮೀರವಾಡಿಗೆ ಬಂದವರಿಗೆ ಮೊದಲು ಕಾಣುವುದು ಸಕ್ಕರೆ ಕಾರ್ಖಾನೆಯತ್ತ ಸಾಲುಗಟ್ಟಿ ನಿಂತ ಕಬ್ಬಿನ ಗಾಡಿಗಳು. ಚಕ್ಕಡಿಯಿರಲಿ, ಟ್ರ್ಯಾಕ್ಟರಿರಲಿ, ಹೊರೆಯಿಳಿಸಿ ಮತ್ತೆ ಹೊಲದ ದಾರಿ ಹಿಡಿಯುತ್ತದೆ. ಹೊರೆಯಿಳಿಸಿದೊಡನೆ ತನ್ನ ಗಾಡಿಗೆ ತಾನೇ ಬೆಂಕಿಯಿಡುವವನೊಬ್ಬನಿದ್ದರೆ ಊರೇ ನಕ್ಕೀತು.

ಆದರೆ ಅಂತರಿಕ್ಷದ ಸಾಗಾಣಿಕೆಯಲ್ಲಿ ಇದೇ ಪದ್ಧತಿ ಬಹುಕಾಲ ನಡೆದುಬಂದಿದೆ. ರಷ್ಯದ ‘ಪ್ರೊಗ್ರೆಸ್’ ಸರಕುನೌಕೆಗಳು 1978ರಿಂದ ಅಂತರಿಕ್ಷ ನಿಲ್ದಾಣಗಳಿಗೆ ಆಹಾರ, ಇಂಧನಗಳನ್ನು ಒಯ್ಯುತ್ತಿವೆ. ಹೊರೆಯಿಳಿಸಿದ ಮೇಲೆ ನಿಲ್ದಾಣದ ಕಸವನ್ನು ತುಂಬಿಕೊಂಡು ವಾಯುಮಂಡಲದಲ್ಲಿ ಉರಿದುಹೋಗುವುದೇ ಅವುಗಳ ಹಣೆಬರಹ. ಮುಂದಿನ ಹೊರೆಗೆ ಮತ್ತೊಂದು ಹೊಸ ನೌಕೆ!

ಹಾಗಾದರೆ ನೌಕೆಯನ್ನು ಮರಳಿ ತರಬಾರದೇಕೆ ಎಂದು ವಾಚಕರು ಕೇಳಬಹುದು. ತಂದು ನೋಡಿದವರುಂಟು. ಅಮೆರಿಕದ ‘ಷಟಲ್’ ನೌಕೆಗಳು 1981ರಿಂದ 2011ರವರೆಗೆ 135 ಬಾರಿ ಹಾರಿದವು. ಅವು ರೆಕ್ಕೆ ಚಾಚಿ ವಿಮಾನದಂತೆ ನೆಲಕ್ಕಿಳಿಯುತ್ತಿದ್ದುದೇನೋ ನಿಜ. ಆದರೆ ನೌಕೆಯ ಮೈಗೆ ಹೊದಿಸಿದ 20,000ಕ್ಕೂ ಮಿಕ್ಕ ಉಷ್ಣನಿರೋಧಕ ಬಿಲ್ಲೆಗಳನ್ನು ಪ್ರತಿ ಸಲವೂ ಪರೀಕ್ಷಿಸಿ, ಕೆಟ್ಟವನ್ನು ಬದಲಿಸಬೇಕಾಗುತ್ತಿತ್ತು. ಉಳಿತಾಯದ ಆಸೆಯೆಲ್ಲ ದುರಸ್ತಿಯಲ್ಲಿ ಕರಗಿತು. ಚಕ್ಕಡಿಯೇನೋ ಮನೆಗೆ ಬಂದಿತು. ಬಡಿಗನ ಕೂಲಿ ಚಕ್ಕಡಿಯ ಬೆಲೆಯನ್ನೂ ಮೀರಿಸುವಂತಾಯಿತು. ಅನಂತರ ಬಂದ ‘ಡ್ರಾಗನ್’ ಎಂಬ ಸರಕುನೌಕೆಯ ಸಂಪುಟವೊಂದು 2014ರ ಸೆಪ್ಟೆಂಬರಿನಲ್ಲಿ ಹೊರಟು, ಹೋಗಿಬಂದ ಮೇಲೆ 2017ರ ಜೂನಿನಲ್ಲಿ ಎರಡನೆಯ ಸಲ ಹೊರಟಿತು. ನಡುವೆ ಸಂದ ಕಾಲ ಮೂರು ವರ್ಷಗಳಿಗೆ ಕೊಂಚ ಕಡಿಮೆ.

ಈ ಹಿನ್ನೆಲೆಯಲ್ಲಿ ನಮ್ಮ ನಾಡಿನಲ್ಲಿಯೇ ನಡೆದ ಪ್ರಯೋಗವನ್ನು ನೋಡಬೇಕು. ನಮ್ಮ ಅಂತರಿಕ್ಷ ಸಂಸ್ಥೆ ‘ಇಸ್ರೊ’ 2016ರ ಮೇ 23ರಂದು ಶ್ರೀಹರಿಕೋಟೆಯಿಂದ ರೆಕ್ಕೆಯುಳ್ಳ ಪುಟ್ಟ ನೌಕೆಯೊಂದನ್ನು 65 ಕಿಲೋಮೀಟರು ಎತ್ತರಕ್ಕೆ ಹಾರಿಸಿತು. ಅದು ಇಳಿದದ್ದು ಬಂಗಾಳ ಕೊಲ್ಲಿಯಲ್ಲಿ. ನೆಲದ ಮೇಲೆ ಇಳಿಸುವ ಪರೀಕ್ಷೆಗೆ ಆರಿಸಿದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲು. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ನೌಕೆಯನ್ನು ನಾಲ್ಕೂವರೆ ಕಿಲೋಮೀಟರು ಮೇಲೊಯ್ದು ಕೈಬಿಟ್ಟಿತು. ಚಾಲಕನಿಲ್ಲದ ಆ ನೌಕೆ ತಾನೇ ದಾರಿ ಹುಡುಕಿ ಓಟಪಥದ ಮೇಲೆ ಇಳಿಯಿತು.

‘ಪುಷ್ಪಕ’ವೆಂದು ಅದಕ್ಕಿಟ್ಟ ಹೆಸರು ನನ್ನಂತಹ ಕನ್ನಡ ಮೇಷ್ಟರಿಗೆ ಬಹಳ ಹಿಡಿಸಿತು. ರಾಮನನ್ನು ಅಯೋಧ್ಯೆಯಲ್ಲಿಳಿಸಿದ ವಿಮಾನವೂ ಅಪ್ಪಣೆ ಪಡೆದು ಕುಬೇರನಲ್ಲಿಗೆ ಮರಳಿತಷ್ಟೆ!

2024ರ ಮಾರ್ಚ್ 22 ಮತ್ತು ಜೂನ್ 23ರಂದು ಪರೀಕ್ಷೆ ಮತ್ತೆ ನಡೆಯಿತು. ಕೊನೆಯ ಸಲ ಓಟಪಥದ ನೇರದಿಂದ 500 ಮೀಟರು ಪಕ್ಕಕ್ಕೆ ಬಿಟ್ಟರೂ ನೌಕೆ ತನ್ನನ್ನು ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲ ಮುಟ್ಟಿತು. ಹಿಂದೆ ಬಿಚ್ಚಿಕೊಂಡ ಛತ್ರಿ ವೇಗವನ್ನು 100ರ ಸಮೀಪಕ್ಕೆ ಇಳಿಸಿತು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಸಂಗತಿ ಬೇರೆಯಿದೆ. ಮಾರ್ಚಿನಲ್ಲಿ ಇಳಿದ ಅದೇ ರೆಕ್ಕೆಯೊಡಲು, ಅವೇ ಹಾರಾಟದ ಸಲಕರಣೆಗಳು, ಯಾವ ಮಾರ್ಪಾಡೂ ಇಲ್ಲದೆ ಮೂರೇ ತಿಂಗಳಲ್ಲಿ ಮತ್ತೆ ಹಾರಿದವು. ಬಡಿಗನಿಗೆ ಹೆಚ್ಚು ಕೆಲಸವಿರಲಿಲ್ಲ.

ಆದರೆ ಈ ಪುಷ್ಪಕ ಇಳಿದದ್ದು ಹೆಲಿಕಾಪ್ಟರಿನಿಂದ, ಕಕ್ಷೆಯಿಂದಲ್ಲ ಎಂಬುದನ್ನು ಮರೆಯಲಾಗದು. ಭೂಮಿಯನ್ನು ಸುತ್ತುವ ನೌಕೆ ಗಂಟೆಗೆ ಸುಮಾರು 28,000 ಕಿಲೋಮೀಟರು ವೇಗದಲ್ಲಿ ವಾಯುಮಂಡಲಕ್ಕೆ ನುಗ್ಗುವಾಗ ಏಳುವ ಬೆಂಕಿಯನ್ನು ಅದಿನ್ನೂ ಕಂಡಿಲ್ಲ. ಷಟಲ್ ನೌಕೆಯ ಬಿಲ್ಲೆಗಳು ಎದುರಿಸಬೇಕಾಗಿದ್ದುದು ಆ ಬೆಂಕಿಯನ್ನೇ.