ವೀಸಾ ಅರ್ಜಿಗೂ ಒಂದು ಮುಹೂರ್ತ ಬೇಕು!

ಮಗಳಿಗೆ ಇಂಗ್ಲೆಂಡಿನ ಸಂಬಂಧ ಕುದುರಿದೆಯೇ? ಹುಡುಗ ಅಲ್ಲಿನ ಪೌರತ್ವ ಇರುವವನೇ? ಜಾತಕ ಕೂಡಿತು, ಮನಸ್ಸೂ ಕೂಡಿತು, ಛತ್ರವೂ ಸಿಕ್ಕಿತು ಎಂದು ನಿರಾಳವಾಗಿ ಕೂತಿದ್ದೀರಾ? ಸ್ವಲ್ಪ ತಾಳಿ. ಇನ್ನೊಂದು ಮುಹೂರ್ತ ಬಾಕಿ ಇದೆ. ಅದನ್ನು ಯಾವ ಪುರೋಹಿತರೂ ಇಟ್ಟುಕೊಡುವುದಿಲ್ಲ, ನೀವೇ ಲೆಕ್ಕ ಹಾಕಬೇಕು. ಅದೇ ಸ್ಪೌಸ್ ವೀಸಾಕ್ಕೆ ಅರ್ಜಿ ಹಾಕುವ ದಿನ!

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ನಮ್ಮ ಚಿಕ್ಕಮ್ಮನ ಮಗಳ ಮದುವೆ 2024ರ ಮೇ ತಿಂಗಳಿಗೆ ನಿಶ್ಚಯವಾಗಿತ್ತು. ಹುಡುಗ ಬ್ರಿಟಿಷ್ ಪ್ರಜೆ. ವರ್ಷಕ್ಕೆ 25,000 ಪೌಂಡ್ ಸಂಬಳ. ಹೆಂಡತಿಯನ್ನು ಕರೆಸಿಕೊಳ್ಳಲು ಬೇಕಿದ್ದ ಕನಿಷ್ಠ ಆದಾಯ 18,600 ಪೌಂಡ್. 2012ರಿಂದ ಅಷ್ಟೇ ಇತ್ತು. ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

2023ರ ಡಿಸೆಂಬರ್ 4ರಂದು ಬ್ರಿಟನ್ ಸರ್ಕಾರ ಈ ಮಿತಿಯನ್ನು 38,700 ಪೌಂಡ್‌ಗೆ ಏರಿಸುತ್ತೇವೆ ಎಂದು ಪ್ರಕಟಿಸಿತು. ಚಿಕ್ಕಮ್ಮ ಫೋನಿನಲ್ಲೇ ಅಳಲು ಶುರು ಮಾಡಿದರು. "ಏನೇ ಮಾಡೋದು ಈಗ? ಮದುವೆ ಮಾಡಿ ಮಗಳನ್ನ ಇಲ್ಲೇ ಇಟ್ಕೊಂಡು ಕೂತ್ಕೊಳ್ಳೋದಾ? ಜನ ಏನಂತಾರೆ?" ಮದುವೆಯನ್ನು ಬೇಗ ಮುಗಿಸೋಣವೆಂದರೆ ಎದುರಿಗೆ ಧನುರ್ಮಾಸ!

ಡಿಸೆಂಬರ್ 21ರ ಹೊತ್ತಿಗೆ ಮಾತು ಬದಲಾಯಿತು. ಮೊದಲು 29,000 ಪೌಂಡ್, ಆಮೇಲೆ ಹಂತ ಹಂತವಾಗಿ ಏರಿಕೆ ಎಂದರು. ಕೊನೆಗೆ ಹೊಸ ನಿಯಮ ಜಾರಿಗೆ ಬರುವ ದಿನವೂ ಗೊತ್ತಾಯಿತು: 2024ರ ಏಪ್ರಿಲ್ 11. ಯುಗಾದಿ ಕಳೆದ ಎರಡೇ ದಿನಕ್ಕೆ! ಹುಡುಗನ 25,000 ಹಳೆ ನಿಯಮಕ್ಕೆ ಸಾಕು, ಹೊಸದಕ್ಕೆ ಸಾಲದು. ಮೇ ತಿಂಗಳ ಛತ್ರದ ಅಡ್ವಾನ್ಸ್ ಹೋದರೆ ಹೋಗಲಿ ಎಂದು ಮಾಘ ಮಾಸದಲ್ಲೇ, ಫೆಬ್ರವರಿಯಲ್ಲಿ, ಮದುವೆ ಮುಗಿಸಿದರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಯಿತು.

ಬೇಗ ಹಾಕಿದರೆ ಸಾಕೇ?

ಇನ್ನೇನು, ಇವತ್ತೇ ಅರ್ಜಿ ಹಾಕಿಬಿಡಿ ಎಂದು ಎಲ್ಲರೂ ಹೇಳುವವರೇ. ಆದರೆ ಹುಡುಗ ಆ ಕೆಲಸಕ್ಕೆ ಸೇರಿದ್ದು 2023ರ ಅಕ್ಟೋಬರ್ 2ರಂದು. ಅದಕ್ಕೆ ಮೊದಲು ಎಂಟು ತಿಂಗಳು ಕೆಲಸವಿರಲಿಲ್ಲ. ಸಂಬಳದ ಆಧಾರದ ಮೇಲೆ ಕರೆಸಿಕೊಳ್ಳುವವರು ಒಂದೇ ಕಡೆ ಆರು ತಿಂಗಳು ದುಡಿದಿರಬೇಕು. ಆರು ತಿಂಗಳ ಪೇ ಸ್ಲಿಪ್ ಬೇಕು, ಆ ಸಂಬಳ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟೂ ಬೇಕು. ಅಷ್ಟಿಲ್ಲದಿದ್ದರೆ ಹಿಂದಿನ ಹನ್ನೆರಡು ತಿಂಗಳ ಒಟ್ಟು ಗಳಿಕೆ ತೋರಿಸುವ ಇನ್ನೊಂದು ದಾರಿಯೂ ಇದೆ. ಆದರೆ ಕೆಲಸವಿಲ್ಲದೆ ಕಳೆದವನಿಗೆ ಅದು ಒಗ್ಗುವಂತಿರಲಿಲ್ಲ.

ಫೆಬ್ರವರಿಯಲ್ಲೇ ಹಾಕಿದ್ದರೆ? ಅರ್ಜಿ ತಿರಸ್ಕಾರ! ಆಗಿನ ಶುಲ್ಕ 1,846 ಪೌಂಡ್ ನೀರಿನಲ್ಲಿ ಹೋಮ. ಮತ್ತೆ ಹಾಕುವ ಹೊತ್ತಿಗೆ ಹೊಸ ನಿಯಮ ಬಂದು ಬಾಗಿಲೇ ಮುಚ್ಚಿರುತ್ತಿತ್ತು. ಏಪ್ರಿಲ್ 2ಕ್ಕೆ ಆರು ತಿಂಗಳು ತುಂಬುತ್ತದೆ, 11ಕ್ಕೆ ನಿಯಮ ಬದಲು. ನಡುವೆ ಇದ್ದದ್ದು ಎಂಟೇ ದಿನ! ಚಿಕ್ಕಮ್ಮ ಮನೆದೇವರಿಗೆ ಮುಡಿಪು ಕಟ್ಟಿದರು. ತಂಗಿ ಮಾತ್ರ ಅಳುತ್ತಾ ಕೂರದೆ ಇಂಗ್ಲಿಷ್ ಪರೀಕ್ಷೆ, ಕ್ಷಯರೋಗದ ತಪಾಸಣೆ, ಮದುವೆಯ ಸರ್ಟಿಫಿಕೇಟು ಎಲ್ಲವನ್ನೂ ಮಾರ್ಚ್ ಒಳಗೇ ಜೋಡಿಸಿಟ್ಟಳು. ಮಾರ್ಚ್ ಕೊನೆಯ ಪೇ ಸ್ಲಿಪ್ ಬಂತು. ಏಪ್ರಿಲ್ 4ರಂದು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಹಣ ಕಟ್ಟಿದಳು.

ಬೆರಳಚ್ಚು ಕೊಡಲು ಬೆಂಗಳೂರಿನ ವೀಸಾ ಕೇಂದ್ರದಲ್ಲಿ ದಿನ ಸಿಕ್ಕಿದ್ದು ಯುಗಾದಿಯ ನಂತರದ ವಾರ. "ಹನ್ನೊಂದು ದಾಟಿಹೋಯ್ತಲ್ಲೇ!" ಎಂದು ಚಿಕ್ಕಮ್ಮನಿಗೆ ಮತ್ತೆ ಗಾಬರಿ. ಆದರೆ ಲೆಕ್ಕಕ್ಕೆ ಬರುವುದು ಹಣ ಕಟ್ಟಿ ಅರ್ಜಿ ಸಲ್ಲಿಸಿದ ದಿನವೇ ಹೊರತು ಬೆರಳಚ್ಚಿನ ದಿನ ಅಲ್ಲ. ಹೀಗೆ ಹಳೆ ನಿಯಮದಲ್ಲಿ ಒಳಗೆ ಹೋದವರಿಗೆ ಅದೇ ಸಂಗಾತಿಯ ಜೊತೆ ವೀಸಾ ಮುಂದುವರಿಸುವಾಗಲೂ 18,600ರ ಮಿತಿಯೇ ಅನ್ವಯಿಸುತ್ತದೆ.

ಸುದ್ದಿಯೇ ಬೇರೆ, ನಿಯಮವೇ ಬೇರೆ

ಈಗ ತಮಾಷೆ ನೋಡಿ. 2024ರ ಜುಲೈ 4ರಂದು ಅಲ್ಲಿ ಚುನಾವಣೆ ನಡೆದು ಸರ್ಕಾರವೇ ಬದಲಾಯಿತು. ಹೊಸ ಸರ್ಕಾರ ಮುಂದಿನ ಏರಿಕೆಯನ್ನು ನಿಲ್ಲಿಸಿ, ವಲಸೆ ಸಲಹಾ ಸಮಿತಿಯ ಅಭಿಪ್ರಾಯ ಕೇಳಿತು. ಸಮಿತಿ 2025ರ ಜೂನ್‌ನಲ್ಲಿ ವರದಿ ಕೊಟ್ಟಿತು. ಚಿಕ್ಕಮ್ಮನ ನಿದ್ದೆ ಕೆಡಿಸಿದ್ದ 38,700 ಅಂದುಕೊಂಡಂತೆ ಬರಲೇ ಇಲ್ಲ. ಹಾಗೆಂದು ಸುದ್ದಿಯೆಲ್ಲ ಸುಳ್ಳು ಎಂದು ಕೂತಿದ್ದರೆ? 29,000 ಹೇಳಿದ ದಿನಕ್ಕೇ ಬಂತಲ್ಲ! ಮಂತ್ರಿಗಳು ಹೇಳಿದ್ದೆಲ್ಲ ನಿಯಮವಲ್ಲ. ಆದರೆ ಜಾರಿಯ ದಿನಾಂಕ ಗೊತ್ತಾದ ಮೇಲೆ ಮೈಮರೆಯುವಂತಿಲ್ಲ.

ನೀವು ಏನು ಮಾಡಬೇಕು?

* ಹುಡುಗನ ಬಳಿ ಇರುವುದು ಪೌರತ್ವವೋ, ಕಾಯಂ ವಾಸದ ಹಕ್ಕೋ, ಕೆಲಸದ ವೀಸಾವೋ ಮೊದಲೇ ಕೇಳಿ. ಸಂಕೋಚ ಬೇಡ. ಕೆಲಸದ ವೀಸಾದವರ ಹೆಂಡತಿಗೆ ಡಿಪೆಂಡೆಂಟ್ ವೀಸಾ, ಅದರ ನಿಯಮವೇ ಬೇರೆ. ವೃದ್ಧರ, ರೋಗಿಗಳ ಆರೈಕೆಯ ಕೆಲಸಕ್ಕೆ ಕೇರ್ ವರ್ಕರ್ ಆಗಿ 2024ರ ಮಾರ್ಚ್ 11ರಿಂದ ಈಚೆಗೆ ಅರ್ಜಿ ಹಾಕಿ ಹೋದವರು ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿರಲಿಲ್ಲ.

* ಕ್ಯಾಲೆಂಡರಿನಲ್ಲಿ ಎರಡು ದಿನ ಗುರುತು ಮಾಡಿ. ನಿಮ್ಮ ಕಾಗದಪತ್ರ ಪೂರ್ಣವಾಗುವ ದಿನ ಒಂದು, ನಿಯಮ ಬದಲಾಗುವ ದಿನ ಇನ್ನೊಂದು. ಮೊದಲನೆಯದಕ್ಕಿಂತ ಮುಂಚೆ ಹಾಕಬೇಡಿ, ಎರಡನೆಯದನ್ನು ದಾಟಬೇಡಿ.

* ಅಳಿಯನಾಗುವವನು ಕೆಲಸ ಬದಲಿಸುವ ಯೋಚನೆಯಲ್ಲಿದ್ದರೆ, ಆರು ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಬಹುದು ಎಂದು ನೆನಪಿಸಿ.

* ಕಾಗದಗಳೂ ಹಳಸುತ್ತವೆ! ಕ್ಷಯದ ತಪಾಸಣೆಯ ಸರ್ಟಿಫಿಕೇಟಿಗೆ ಆರು ತಿಂಗಳ ಆಯುಸ್ಸು. ಬ್ಯಾಂಕ್ ಸ್ಟೇಟ್‌ಮೆಂಟಿನ ಕೊನೆಯ ದಿನಾಂಕ ಅರ್ಜಿಗೆ 28 ದಿನಕ್ಕಿಂತ ಹಳೆಯದಾಗಿರಬಾರದು.

* ನೋಂದಣಿಗೂ ಸಮಯ ಬಿಟ್ಟುಕೊಳ್ಳಿ. ವಿಶೇಷ ವಿವಾಹ ಕಾಯಿದೆಯಡಿ ಮದುವೆಯಾಗುವವರು 30 ದಿನ ಮೊದಲೇ ನೋಟಿಸ್ ಕೊಡಬೇಕು.

* ಹಣ ಮೊದಲೇ ಹೊಂದಿಸಿ. ತಂಗಿ ಶುಲ್ಕದ ಜೊತೆಗೆ ಆರೋಗ್ಯ ಸೇವೆಯ ಸರ್‌ಚಾರ್ಜ್ 3,105 ಪೌಂಡ್ ಕಟ್ಟಬೇಕಾಯಿತು. ಒಟ್ಟು ಐದು ಲಕ್ಷ ರೂಪಾಯಿ ದಾಟಿತು! ಶುಲ್ಕ ಆಗಾಗ ಏರುತ್ತದೆ. ಅರ್ಜಿ ತಿರಸ್ಕಾರವಾದರೆ ಸರ್‌ಚಾರ್ಜ್ ಹಿಂದಿರುಗುತ್ತದೆ, ಶುಲ್ಕ ಬರುವುದಿಲ್ಲ.

* 'ಮೊದಲು ವಿಸಿಟರ್ ವೀಸಾದಲ್ಲಿ ಹೋಗಲಿ, ಅಲ್ಲೇ ಬದಲಾಯಿಸಿಕೊಂಡರಾಯಿತು' ಎನ್ನುವವರ ಮಾತು ಕೇಳಬೇಡಿ. ಹಾಗೆ ಬದಲಾಯಿಸಲು ಬರುವುದಿಲ್ಲ.

* ವೀಸಾ ಕೈಗೆ ಬರುವ ತನಕ ಮಗಳು ಕೆಲಸಕ್ಕೆ ರಾಜೀನಾಮೆ ಕೊಡುವುದು ಬೇಡ, ವಿಮಾನದ ಟಿಕೆಟ್ಟೂ ಬೇಡ.

* ಪಕ್ಕದ ಮನೆಯವರ ಮಗಳ ಅನುಭವ ಕೇಳಿ, ತಪ್ಪಿಲ್ಲ. ಆದರೆ ಅವಳು ಹೋದಾಗಿನ ನಿಯಮ ಈಗ ಇಲ್ಲದಿರಬಹುದು. ಅರ್ಜಿ ಹಾಕುವ ದಿನ ಬ್ರಿಟನ್ ಸರ್ಕಾರದ ಅಧಿಕೃತ ವೆಬ್‌ಸೈಟನ್ನೇ ನೋಡಿ.

ಅಂದ ಹಾಗೆ, ನಮ್ಮ ತಂಗಿಗೆ ವೀಸಾ ಸಿಕ್ಕಿದ್ದು ಜುಲೈನಲ್ಲಿ, ಸರಿಯಾಗಿ ಆಷಾಢದಲ್ಲಿ! "ಹೊಸ ಮದುಮಗಳು ಆಷಾಢದಲ್ಲಿ ಗಂಡನ ಮನೆಗೆ ಹೋಗ್ತಾಳೇನೇ?" ಎಂದು ಅಜ್ಜಿಯ ತಕರಾರು. ವೀಸಾ ಚೀಟಿಯಲ್ಲಿ ಒಳಗೆ ಹೋಗಲು 90 ದಿನಗಳ ಅವಕಾಶವಿತ್ತು. ಹಾಗಾಗಿ ಅಜ್ಜಿಯ ಮಾತೂ ನಡೆಯಿತು. ಶ್ರಾವಣದ ಮೊದಲ ವಾರ ತಂಗಿ ಹೊರಟಳು. ಚಿಕ್ಕಮ್ಮ ಮುಡಿಪು ಬಿಚ್ಚಿ ಕಾಣಿಕೆ ಸಲ್ಲಿಸಿ ಬಂದರು. "ದೇವರು ದೊಡ್ಡವನು ಕಣೇ" ಎಂದರು. ನಿಜ. ಆದರೆ ಮಾರ್ಚ್ ಒಳಗೇ ಕಾಗದ ಜೋಡಿಸಿಟ್ಟ ತಂಗಿಯೂ ಜಾಣೆಯೇ ಅಲ್ಲವೇ?