ತೊರವಿಯ ನೀರು, ಯಂತ್ರದ ಬುದ್ಧಿ

ಆದಿಲ್‌ಶಾಹಿ ಕಾಲದ ವಿಜಯಪುರಕ್ಕೆ ನೀರುಣಿಸಿದ ಮುಖ್ಯ ಮೂಲಗಳಲ್ಲಿ ನಗರದ ಪಶ್ಚಿಮಕ್ಕಿರುವ ತೊರವಿಯೂ ಒಂದಾಗಿದ್ದು, ಅಲ್ಲಿನ ಸುರಂಗ ಬಾವಡಿಯಿಂದ ಹೊರಟ ನೀರು ನೆಲದಡಿಯ ಕಾಲುವೆಯಲ್ಲಿ ಇಳಿಜಾರನ್ನಷ್ಟೇ ನಂಬಿ ಹರಿಯುತ್ತಿತ್ತು. ಕೊಳವೆಗಳಲ್ಲಿ ಒತ್ತಡ ಮಿತಿಮೀರದಂತೆ ಗಂಜ್ ಎಂಬ ಗೋಪುರಗಳನ್ನು ನಗರದ ಜಾಲದಲ್ಲಿ ಅಲ್ಲಲ್ಲಿ ಕಟ್ಟಲಾಗಿತ್ತು. ಬಾವಡಿಯನ್ನಾಗಲಿ ಗಂಜನ್ನಾಗಲಿ ಬಿಡಿಯಾಗಿ ಎಷ್ಟು ಅಳೆದರೂ ಊರಿಗೆ ನೀರು ಬಂದ ಬಗೆ ತಿಳಿಯದು. ಭಾಗಗಳಿಗಿಂತ ಅವುಗಳ ನಡುವಣ ಸಂಬಂಧವೇ ಮುಖ್ಯವೆನ್ನುವ ಈ ನೋಟಕ್ಕೆ ವ್ಯವಸ್ಥಾ ಸಿದ್ಧಾಂತವೆಂದು ಹೆಸರು. ಆಸ್ಟ್ರಿಯಾದ ಜೀವವಿಜ್ಞಾನಿ ಲುಡ್ವಿಗ್ ಫಾನ್ ಬರ್ಟಲಾನ್ಫಿ ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ರೂಪ ಕೊಟ್ಟ ಪ್ರಮುಖರು.

ಕೃತಕ ಬುದ್ಧಿಮತ್ತೆಯನ್ನು ಮಿದುಳಿಗೆ ಹೋಲಿಸುವುದು ವಾಡಿಕೆಯಾದರೂ ಅದನ್ನು ವ್ಯವಸ್ಥೆಯೆಂದು ಬಗೆದರೆ ಗೊಂದಲ ಕಡಿಮೆ. ಗಂಜ್ ಒತ್ತಡವನ್ನು ತಗ್ಗಿಸುತ್ತಿತ್ತೇ ಹೊರತು ಏನನ್ನೂ ಕಲಿಯುತ್ತಿರಲಿಲ್ಲ. ಕಲಿಕೆಗೆ ಹಿಮ್ಮಾಹಿತಿ ಬೇಕು, ಎಂದರೆ ಮಾಡಿದ ಕೆಲಸದ ಫಲ ಏನಾಯಿತೆಂಬ ಸುದ್ದಿ ಮಾಡಿದ ಭಾಗಕ್ಕೇ ಮರಳಿ ಮುಂದಿನ ನಡೆಯನ್ನು ತಿದ್ದಬೇಕು; ನಾರ್ಬರ್ಟ್ ವೀನರ್ 1948ರ ‘ಸೈಬರ್ನೆಟಿಕ್ಸ್’ ಗ್ರಂಥದಲ್ಲಿ ಪ್ರಾಣಿಗೂ ಯಂತ್ರಕ್ಕೂ ಸಮಾನವೆಂದು ವಿವರಿಸಿದ ತತ್ತ್ವವಿದು. ಇಂದಿನ ನರಜಾಲಗಳಲ್ಲಿ, ಅಂದರೆ ಪರಸ್ಪರ ಹೆಣೆದ ಸರಳ ಲೆಕ್ಕದ ಘಟಕಗಳಲ್ಲಿ, ಉತ್ತರ ಎಷ್ಟು ತಪ್ಪಿತೆಂಬ ಅಳತೆ ಹಿಂದಕ್ಕೆ ಹರಿದು, ಪ್ರತಿ ಕೊಂಡಿಯ ‘ತೂಕ’ವೆಂಬ ಸಂಖ್ಯೆಯನ್ನು ತುಸುತುಸುವೇ ಬದಲಿಸುತ್ತದೆ.

ಇಂಥ ಕಲಿಕೆಯ ಬಲ 2016ರಲ್ಲಿ ಆಲ್ಫಾಗೋ ಎಂಬ ಯಂತ್ರ ಗೋ ಆಟದಲ್ಲಿ ಕೊರಿಯಾದ ಲೀ ಸೆಡಾಲ್‌ನನ್ನು 4–1ರಿಂದ ಸೋಲಿಸಿದಾಗ ಜಗಜ್ಜಾಹೀರಾಯಿತು. ಆದರೆ ಆಟದ ಹಲಗೆಗೆ ಅಂಚುಗಳಿವೆ, ನಿಯಮಗಳೂ ಬದಲಾಗವು. ಯುದ್ಧಕ್ಕೆ ಇವೆರಡೂ ಇಲ್ಲ. 1665ರ ಕೊನೆಗೆ ಮೊಘಲ್ ಸೇನಾನಿ ಜಯಸಿಂಹನು ವಿಜಯಪುರದ ಸಮೀಪ ಬಂದಾಗ ಆದಿಲ್‌ಶಾಹಿಗಳು ಅವನ ಸೈನ್ಯಕ್ಕಿಂತ ಆ ಸೈನ್ಯದ ಹೊಟ್ಟೆಯನ್ನು ಗುರಿಯಾಗಿಸಿ, ಸುತ್ತಲಿನ ಕೆರೆಗಳನ್ನು ಬರಿದು ಮಾಡಿ, ಬಾವಿಗಳನ್ನು ಮುಚ್ಚಿ, ಮರಗಳನ್ನು ಕಡಿದರು. 1666ರ ಜನವರಿಯಲ್ಲಿ ಅವನು ಹಿಂದಿರುಗಬೇಕಾಯಿತು. ನೀರು, ಮೇವು, ದಂಡು, ಕೋಟೆ ಇವೆಲ್ಲ ಒಂದೇ ವ್ಯವಸ್ಥೆಯೆಂದು ಕಂಡವರ ನಡೆಯಿದು. ಹಲಗೆಯ ಮೇಲಿನ ಕಾಯಿಗಳನ್ನಷ್ಟೇ ಕಲಿತ ಯಂತ್ರಕ್ಕೆ ಇದು ಹೊಳೆಯುವಂತಿಲ್ಲ. ಹಾಗೆಂದು ಒಮ್ಮೆ ಗೆದ್ದ ತಂತ್ರ ಮತ್ತೆಯೂ ಗೆಲ್ಲುವುದೆಂದು ನಂಬುವುದೂ ಯಂತ್ರದ್ದೇ ದೋಷ: 1685–86ರ ಮುತ್ತಿಗೆಯಲ್ಲಿ ಔರಂಗಜೇಬನ ಪಾಳೆಯವೂ ಹಸಿದಿತ್ತು, ಆದರೆ ಧಾನ್ಯದ ಸಾಗಣೆ ತಲುಪಿ ದಂಡು ಉಳಿಯಿತು, 1686ರ ಸೆಪ್ಟೆಂಬರಿನಲ್ಲಿ ನಗರ ಶರಣಾಯಿತು. ಹಳೆಯ ದತ್ತಾಂಶದಿಂದ ಕಲಿತದ್ದು ಎದುರಾಳಿ ಬದಲಾದೊಡನೆ ಹಳಸುತ್ತದೆ.

ಆದ್ದರಿಂದ ಕಾರ್ಯತಂತ್ರದಲ್ಲಿ ಕೃತಕ ಬುದ್ಧಿಮತ್ತೆಯ ನೆರವು ಪಡೆಯುವಾಗ, ಲೆಕ್ಕ ಯಂತ್ರದ್ದಾದರೂ ವ್ಯವಸ್ಥೆಯ ಎಲ್ಲೆ ಎಲ್ಲಿ ಎಂಬ ತೀರ್ಮಾನ ಮನುಷ್ಯನದೇ. ದ್ರಾಕ್ಷಿಗೆ ಹೆಸರಾದ ಟಿಕೋಟಾ, ಬಬಲೇಶ್ವರ ಭಾಗದಲ್ಲಿ ಮಣ್ಣಿನ ತೇವ ಅಳೆದು ಹನಿ ನೀರಾವರಿಯನ್ನು ನಡೆಸುವ ಯಂತ್ರವೊಂದಕ್ಕೆ ತೋಟದ ಬೇಲಿಯೇ ಎಲ್ಲೆಯಾದರೆ, ಉಳಿದ ನೀರಿನಿಂದ ಇನ್ನೂ ಒಂದೆಕರೆ ಬೆಳೆಯಿರೆಂದು ಅದು ಹೇಳೀತು. ಎಲ್ಲ ತೋಟಗಳೂ ಹಾಗೆಯೇ ಮಾಡಿದರೆ ಅಂತರ್ಜಲ ಮತ್ತಷ್ಟು ಇಳಿಯುತ್ತದೆ, ಯಂತ್ರದ ಪಟ್ಟಿಯಲ್ಲಿ ಅದೊಂದು ತಪ್ಪಾಗಿ ದಾಖಲಾಗುವುದೂ ಇಲ್ಲ. ತಾಲ್ಲೂಕಿನ ಮಟ್ಟದಲ್ಲಿ ಇಂಥ ಯಂತ್ರವನ್ನು ಬಳಸುವವರು ಬೆಳೆಯ ಲೆಕ್ಕದ ಜೊತೆಗೆ ನೆರೆಹೊಲಗಳ ಬೋರ್‌ವೆಲ್‌ಗಳ ನೀರಿನ ಮಟ್ಟವನ್ನೂ ಅದಕ್ಕೆ ಕೊಡಬೇಕು.